ಲಕ್ಷ್ಮೇಶ್ವರದಾಕಿ ಚೀಲದಾಗಿನ ಫೋನು

ನಿಮ್ಮ ಬೆನ್ನ ತಿಕ್ಕೋ ಕೈಗೆ ನಿಮ್ಮ ಮನಿ ಸುದ್ದಿ ಎಷ್ಟು ಗೊತ್ತೈತಿ ಅಂತ ಯಾವಾಗರೆ ವಿಚಾರ ಮಾಡೀರೇನ್ರಿ? ನಿಮಗ ಗೊತ್ತಿರೋ ಸುದ್ದಿ ಅಲ್ಲ ಮತ್ತ. ನಿಮಗ ಗೊತ್ತಿಲ್ಲದ್ದು. ನಗಬ್ಯಾಡ್ರಿ, ನಾನೂ ನಕ್ಕಾಕಿನ.

ಇದನ್ನ ಫೋನಿನ್ಯಾಗ ಒಂದ ಬೆರಳಿಲೆ ಒತ್ತಾಕತ್ತೀನಿ. ನಾ 'ಹ' ಒತ್ತಿದ್ರ ಅದು ತಾನ 'ಹಬ್ಬದ ಶುಭಾಶಯಗಳು' ಅಂತ ತಂದು ಮುಂದ ಇಡ್ತೈತಿ. ನಾ ಹೇಳಾಕ ಹೊಂಟದ್ದು ಹಬ್ಬದ ಸುದ್ದಿ ಅಲ್ಲ. ಅದಕ್ಕೇನು ಗೊತ್ತು.

ಬೆಟಗೇರಿಯೊಳಗ ನಮ್ಮ ಮನಿ. ಹಿತ್ತಲದಾಗ ಚಪ್ಪರದವರಿಕಾಯಿ ಹರಿಯಾಕ ಹೋಗಿ, ಅರಿಬಿ ಒಗಿಯೋ ಕಲ್ಲಿನ ಮ್ಯಾಲೆ ಜಾರಿ ಬಿದ್ನಿ. ತೊಡಿ ಸಂದಿನ ಎಲುಬು ಮುರೀತು. ಗದಗಿನ ದವಾಖಾನ್ಯಾಗ ಒಳಗೊಂದು ರಾಡ್ ಕೂಡ್ರಿಸಿ ಮನಿಗೆ ಕಳಿಸಿದ್ರು. ಮಗ ಮಾರ್ಕೆಟ್ ಯಾರ್ಡಿನ್ಯಾಗ ಶೇಂಗಾ ವ್ಯಾಪಾರ ಮಾಡಾಂವ, ಸೊಸಿ ಸಾಲಿ ಟೀಚರ್. ಇಬ್ಬರೂ ಹೊರಗ ಹೋದ್ರ ನನ್ನ ಎತ್ತೋರು ಯಾರು? ಅದಕ ಒಬ್ಬ ಹೆಣ್ಮಗಳನ್ನ ಇಟ್ರು. ಲಕ್ಷ್ಮೇಶ್ವರದಾಕಿ. ಬೆಟಗೇರ್ಯಾಗ ಒಂದು ಖೋಲಿ ಹಿಡಿದು ಮಗಳ ಜೋಡಿ ಇರ್ತಾಳ. ನನಗಿಂತ ಮೊದ್ಲ ಭಾಳ ಮನ್ಯಾಗಿನ ಮುದುಕ ಮುದುಕ್ಯಾರನ್ನ ನೋಡಿಕೊಂಡಾಕಿ.

ಮೊದಲನೇ ಸಲ ಜಳಕ ಮಾಡಸಾಕ ಬಂದಾಗ ನಾ ಸೀರಿ ಬಿಗಿಹಿಡಿದು ಕುಂತ್ನಿ.

"ನನ್ನ ಗಂಡನ ಮುಂದೂ ನಾ ಹಿಂಗ ಕುಂತಾಕಿ ಅಲ್ಲ" ಅಂದ್ನಿ.

"ನಿಮ್ಮ ಗಂಡಗ ಬೆನ್ನ ತಿಕ್ಕಾಕ ಬರ್ತಿತ್ತೇನ್ರಿ ಆಯಿ?" ಅಂದ್ಲು.

ಅವತ್ತ ಆಕಿ ನನಗ ಸೇರಿದ್ಲು.

ಟೈಪ್ ಮಾಡೂದು ಕಲಿಸಿದಾಕೀನೂ ಆಕೀನ. ಕಲೀಬೇಕಾಗಿತ್ತು ನನಗ. ನನಗಿದ್ದಾಕಿ ಒಬ್ಬಾಕೆ ತಂಗಿ, ಆಕಿನ್ನ ಕೊರ್ಲಹಳ್ಳಿಗೆ ಕೊಟ್ಟಿತ್ತು. ಮುಂಡರಗಿ ದಾಟಿ ಹೊಳಿ ದಂಡಿ ಮ್ಯಾಲಿನ ಊರು. ತವರಮನಿ ಅಂತ ನಮಗ ಯಾರೂ ಉಳಿದಿಲ್ಲ, ಆಕಿಗೆ ನಾನ ತವರು, ನನಗ ಆಕೀನ ತವರು. ಆದ್ರ ಆಕಿ ಕಿವಿ ಪೂರಾ ಮಂದ. ಫೋನ್ ಹಚ್ಚಿದ್ರ "ಯಾರು, ಯಾರು" ಅಂತಾನ ಇಡ್ತಿದ್ಲು. ಓದಾಕ ಮಾತ್ರ ಛಲೋ ಬರ್ತಿತ್ತು. ಹಂಗಾಗಿ ನಾ ಟೈಪ್ ಮಾಡಿ ಕಳಿಸೂದು, ಆಕಿ ಓದಿ, ಬಾಯಿಲೆ ಒದರಿ ದನಿ ತುಂಬಿ ಕಳಿಸೂದು. ಆಕಿ ಒದರಿದ್ದು ನಮ್ಮ ಓಣಿಗೆಲ್ಲಾ ಕೇಳತಿತ್ತು. "ಲೇ ಅಕ್ಕಾ, ಎಲುಬು ಕೂಡ್ತೋ ಇಲ್ಲೋ, ಮಕ್ಕೊಂಡು ತಿನ್ನೂ ರೂಢಿ ಬಿತ್ತೋ?" ಲಕ್ಷ್ಮೇಶ್ವರದಾಕಿ ಬಾಗಲದಾಗ ನಿಂತು ಹೊಟ್ಟಿ ಹಿಡಕೊಂಡು ನಗತಿದ್ಲು.

ಒಂದು ಮುಂಜಾನಿ ಸೊಸಿ ನನ್ನ ಟ್ರಂಕಿನ್ಯಾಗಿನ ದಾಳಿಂಬರಿ ಬಣ್ಣದ ಇಳಕಲ್ ಸೀರಿ ತಗೊಂಡು ಹಾಸಿಗಿ ಕಡೆ ಬಂದ್ಲು. ಹೊಸಾದು, ಇನ್ನೂ ಘಳಿಗಿ ಬಿಚ್ಚಿದ್ದಿಲ್ಲ ಅದರದ್ದು.

"ಅತ್ತಿ, ನಮ್ಮ ಸಾಲಿ ಟೀಚರ್ ಮಗಳ ಮದವಿ ಐತಿ. ಇದನ್ನ ಕೊಡೋಣು ಅಂತ ಮಾಡೇನಿ. ನೀವ ನಿಮ್ಮ ಕೈಲೆ ಅರಿಷಿಣ ಕುಂಕುಮ ಹಚ್ಚಿ ಕೊಡ್ರಿ."

ನನ್ನ ಟ್ರಂಕಿಗೆ ಕೈ ಹಾಕ್ಯಾಳ ಅಂತ ಚೂರು ಸಿಟ್ಟ ಬಂತು. ಆದ್ರೂ ಮದವಿ ಹುಡುಗಿ ಅಂತ ಸೆರಗಿನ ತುದಿಗೆ ಅರಿಷಿಣ ಕುಂಕುಮ ಹಚ್ಚಿದ್ನಿ. "ಬಣ್ಣ ಬಿಟ್ರ ನನಗ ಬೈಬ್ಯಾಡ ಅನ್ನು ಆ ಹುಡುಗಿಗೆ. ಮೊದಲನೇ ಸಲ ಒಗಿಯೂ ಮುಂದ ನೀರಾಗ ಉಪ್ಪ ಹಾಕು ಅಂತ ಹೇಳು" ಅಂದ್ನಿ. ಸೊಸಿ ಹೂಂ ಅಂದು ಬಿರಬಿರ ಹೊರಗ ಹೋದ್ಲು. ಲಕ್ಷ್ಮೇಶ್ವರದಾಕಿ ನನ್ನ ಮಾರಿ ತೊಳಸಾಕ ಬೋಗಾಣಿ ಹಿಡಕೊಂಡು ನಿಂತಿದ್ಲು. ಬೋಗಾಣಿ ಅಲ್ಲೇ ಇಟ್ಟು ಬಚ್ಚಲಕ್ಕ ಹೋಗಿ ನಳ ಬಿಟ್ಲು. ಎಷ್ಟೊತ್ತಾದ್ರೂ ನಳ ಬಂದ್ ಮಾಡವಲ್ಲಳು. "ನೀರೇನು ನಿಮ್ಮಪ್ಪ ಹೊತ್ತು ತಂದಾನೇನು" ಅಂತ ಮಕ್ಕೊಂಡಲ್ಲಿಂದನ ಕೂಗಿದ್ನಿ. ಮಗ ಅವತ್ತ ಬೆಳಕ ಹರಿಯೂದ್ರಾಗ ವ್ಯಾಪಾರಕ್ಕ ಅಂತ ಹೋದಾಂವ, ಮಾರನೇ ದಿನ ಬಂದ.

ಅವತ್ತಿಂದ ನನ್ನ ತಂಗಿ ದನಿ ಬರೂದು ನಿಂತು, ಬರದದ್ದು ಬರಾಕ ಹತ್ತಿತು. "ಗಂಟಲ ಕಟ್ಟೈತಿ ಅಕ್ಕ, ಡಾಕ್ಟರ್ ಮಾತಾಡಬ್ಯಾಡ ಅಂದಾರ. ಬರದು ಕಳಿಸ್ತೀನಿ." ಆತು ಬಿಡು, ಓಣಿಗೆ ಆರಾಮಾತು ಅಂದ್ನಿ ನಾ. ಬರಿಯಾಕ ಹತ್ತಿದ ಮ್ಯಾಲೆ ಆಕಿ ಭಾಳ ನಯ ಆದ್ಲು. "ಔಷಧ ತಗೊಂಡಿ ಏನು ಅಕ್ಕ." "ಹುಷಾರಿಲೆ ನಡಿ ಅಕ್ಕ." ಹುಟ್ಟಿದಾಗಿಂದ ಆಕಿ ನನ್ನ ಹಿಂಗ ಕೇಳಿದಾಕಿ ಅಲ್ಲ. ಲಕ್ಷ್ಮೇಶ್ವರದಾಕಿ ನನ್ನ ಕಾಲು ತಿಕ್ಕಾಕತ್ತಿದ್ಲು, ಆಕಿಗೆ ತೋರಿಸಿದ್ನಿ. "ನೋಡ ಇಲ್ಲೆ, ನನ್ನ ತಂಗಿ ಸಾಯೂ ಕಾಲಕ್ಕ ಶಾಣ್ಯಾ ಆಗ್ಯಾಳ."

ಆಕಿ ಕೈ ನಿಂತ್ವು. ಎಣ್ಣಿ ಸಾಲಂಗಿಲ್ಲ ಅಂತ ಎದ್ದು ಹೋದ್ಲು. ಬಟ್ಟಲದಾಗ ಎಣ್ಣಿ ಇತ್ತು.

ಬರಬರತ ಆಕಿ ನಗೂದು ಬಿಟ್ಲು. ನಮ್ಮ ಮನ್ಯಾಗ ರೊಟ್ಟಿ ಉಣ್ಣೂದು ಬಿಟ್ಲು, ಕಡೀಕ ಚಾನೂ ಒಲ್ಲೆ ಅಂದ್ಲು. ಒಂದಿನ ನನ್ನ ಹೆಳಲು ಹಾಕೋತ ಅಂದ್ಲು, "ಅಮಾಸಿ ಆದ ಮ್ಯಾಲೆ ನಾ ಬರಂಗಿಲ್ರಿ ಆಯಿ."

"ಯಾಕ? ನಮ್ಮಾಕಿ ಏನರೆ ಅಂದ್ಲೇನು?"

"ಇಲ್ರಿ."

"ಪಗಾರದ್ದೇನರೆ ಐತೇನು?"

"ಇಲ್ರಿ."

"ಮತ್ತ ನಾ ಭಾಳ ವಜ್ಜಾಗೇನೇನು?"

ಅದಕೂ ನಗಲಿಲ್ಲ ಆಕಿ. "ಈ ಮನಿ ಅಷ್ಟ ಅಲ್ರಿ, ಈ ಕೆಲಸಾನ ಬಿಡ್ತೀನಿ. ಹೊಲದಾಗ ಮೆಣಸಿನಕಾಯಿ ಬಿಡಸಾಕ ಹೋಗ್ತೀನಿ. ಗಿಡ ಏನೂ ಕೇಳಂಗಿಲ್ಲ" ಅಂದ್ಲು.

ಹಾಸಿಗಿ ಹಿಡಿದೋರಿಗೆ ಗೊತ್ತು ಅದು. ಯಾರ ಕೈಯಾಗ ನಾಚಿಕಿ ಬಿಟ್ಟು ಕುಂತಿರ್ತೀವಿ, ಆ ಕೈ ಹೋಗ್ತೈತಿ ಅಂದ್ರ ಮತ್ತೊಂದು ಕಾಲು ಮುರದಂಗ. ಹೆಂಗರೆ ಮಾಡಿ ಇಟ್ಕೋಬೇಕು ಅನ್ನಿಸ್ತು. ಇಂಥಾದ್ದಕ್ಕ ನಾ ಬುದ್ಧಿ ಕೇಳೂದು ತಂಗೀನ್ನ. ಲಕ್ಷ್ಮೇಶ್ವರದಾಕಿ ಅರಿಬಿ ಒಣಗಹಾಕಾಕ ಹಿತ್ತಲಕ್ಕ ಹೋದ್ಲು, ನಾ ಫೋನ್ ತಗೊಂಡು ಒತ್ತಿದ್ನಿ. "ಲೇ, ನನ್ನ ಲಕ್ಷ್ಮೇಶ್ವರದಾಕಿ ಬಿಟ್ಟು ಹೊಂಟಾಳ. ಏನು ಮಾಡ್ಲಿ ಹೇಳು."

ಕಳಿಸಿದ್ನಿ. ಖೋಲ್ಯಾಗ ಟಣ್ ಅಂತು.

ನನ್ನ ಫೋನ್ ಅಲ್ಲ. ನಂದು ಕೈಯಾಗ ಐತಿ. ನೋಡಿದ್ನಿ, ಬಾಗಲ ಹಿಂದ ಮೊಳಿಗೆ ಲಕ್ಷ್ಮೇಶ್ವರದಾಕಿ ಚೀಲ ತೂಗಹಾಕಿತ್ತು. ಇದ್ದೀತು, ಆಕೀದ ಫೋನ್ ಇದ್ದೀತು ಅನಕೊಂಡ್ನಿ. ಆದ್ರ ಆಕಿ ಫೋನ್ ಆಕಿ ಸೊಂಟದಾಗ ಸಿಗಿಸಿಕೊಂಡಿರ್ತಾಳ. ಮತ್ತೊಂದು ಸಲ ಒತ್ತಿದ್ನಿ. "ಲೇ."

ಚೀಲ ಟಣ್ ಅಂತು.

"ಲೇ" ಅಂತ ಮತ್ತ ಕಳಿಸಿದ್ನಿ. ಮತ್ತ ಟಣ್. ಅಷ್ಟೊತ್ತಿಗೆ ಖಾಲಿ ಬಕೀಟ ಹಿಡಕೊಂಡು ಆಕಿ ಒಳಗ ಬಂದ್ಲು. ನಾ ಆಕಿ ಮಾರಿ ನೋಡಕೋತನ ಇನ್ನೊಂದು ಸಲ ಒತ್ತಿದ್ನಿ. ಚೀಲ ಬಾರಿಸ್ತು. ಆಕಿ ಚೀಲ ನೋಡಿದ್ಲು, ನನ್ನ ನೋಡಿದ್ಲು, ಬಕೀಟ ಇಟ್ಟು ನೆಲದ ಮ್ಯಾಲೆ ಕುಂತಬಿಟ್ಲು.

"ನನ್ನ ತಂಗಿ ಫೋನ್ ನಿನ್ನ ಚೀಲದಾಗ ಯಾಕ ಬಂತು?"

"ಕೇಳಬ್ಯಾಡ್ರಿ ಆಯಿ."

"ಕದ್ದಿಯೇನು?" ಹಂಗ ಅಂದ್ನಿ ನೋಡ್ರಿ ನಾ. ಬ್ಯಾರೆ ಏನೂ ತೆಲಿಗೆ ಬರಲಿಲ್ಲ. ಬರದಂಗ ನಾನ ತಡದಿದ್ನೋ ಏನೋ.

"ನಿಮ್ಮ ಮಗಾರ ಕೊಟ್ಟಾರ್ರಿ. ಅಕ್ಕ ತಂಗಿ ಮಾತಾಡೂ ಧಾಟಿ ನಿನಗ ಗೊತ್ತೈತಿ, ನೀನ ಬರದು ಕಳಿಸು ಅಂದಾರ."

"ಮತ್ತ ಆಕಿ?"

ಲಕ್ಷ್ಮೇಶ್ವರದಾಕಿ ಸೆರಗು ಬಾಯಿಗೆ ಇಟ್ಕೊಂಡ್ಲು. ನನಗ ತಿಳೀತು. ತಿಳಿದ್ರೂ ಆಕಿ ಬಾಯಿಲೆ ಹೇಳಲಿ ಅಂತ ಕುಂತ್ನಿ. ಹೇಳಿದ್ಲು. ಎದಿ ನೋವು ಅಂತ ಕುಂತಾಕಿ, ಮುಂಡರಗಿ ದವಾಖಾನಿ ಮುಟ್ಟೂದ್ರಾಗ ಹೋಗಿಬಿಟ್ಟಳಂತ. ನಾ ಸೀರಿಗೆ ಕುಂಕುಮ ಹಚ್ಚಿದ ಹಿಂದಿನ ದಿನ.

ಸೀರಿ.

ನಿಮ್ಮ ಕಡೆ ಹೆಂಗೋ ಗೊತ್ತಿಲ್ಲ. ನಮ್ಮ ಮಂದ್ಯಾಗ ಹೆಣ್ಮಗಳು ತೀರಿಕೊಂಡ್ರ ಕಡೀ ಸೀರಿ ತವರಮನ್ಯಾಗಿಂದ ಬರಬೇಕು. ಅದನ್ನ ಹೊದಿಸಿನ ಮಣ್ಣಿಗೆ ಒಯ್ಯೂದು. ತವರು ಅಂತ ಇದ್ದಾಕಿ ನಾ ಒಬ್ಬಾಕಿ. ನನ್ನ ಕೈ ಮುಟ್ಟದ ಸೀರಿ ಹೊದಿಸಬಾರದು ಅಂತ ಸೊಸಿಗೆ ಅನ್ನಿಸೇತಿ. ನನಗ ಹೇಳಬಾರದು ಅಂತಲೂ ಅನ್ನಿಸೇತಿ. ಎರಡನ್ನೂ ಕೂಡ್ಸಿ ಮದವಿ ಹುಡುಗಿ ಒಬ್ಬಾಕಿನ್ನ ಹುಟ್ಟಿಸ್ಯಾಳ. ನಾನು ಹೆಣದ ಸೀರಿಗೆ ಉಪ್ಪ ಹಾಕಿ ಒಗಿ ಅಂತ ಚಾಷ್ಟಿ ಮಾಡೇನಿ.

ಅಳು ಬರಲಿಲ್ಲ ನನಗ. ಬಾಯಿ ತೆರದದ್ದು ತೆರದಂಗ ಇತ್ತು. ಫೋನ್ ತಗದು ಹಿಂದಿಂದೆಲ್ಲಾ ನೋಡಾಕ ಹತ್ತಿದ್ನಿ. "ನನ್ನ ನೋಡಾಕ ಬರಾಕ ನಿನ್ನ ಕಾಲೂ ಮುರದಾವೇನು?" ಅಂತ ನಾ ಬರದದ್ದು ಇತ್ತು. ಆಕಿ ಮಣ್ಣಾಗಿ ಎಷ್ಟೋ ದಿನ ಆದ ಮ್ಯಾಲೆ ಬರದದ್ದು. ಅದರ ತೆಳಗ, "ಬರ್ತೀನಿ ಅಕ್ಕ."

"ಬರ್ತೀನಿ ಅಂತ ಯಾಕ ಬರದಿ?" ಅಂತ ಕೇಳಿದ್ನಿ.

"ಬರೂದಿಲ್ಲ ಅಂತ ಹೆಂಗ ಬರೀಲ್ರಿ?"

ಆಮ್ಯಾಲೆ ಆಕಿ ಕಟ್ಟಿ ಒಡದಂಗ ಹೇಳಿದ್ಲು. ನಾ ಓದಿ ನಕ್ಕಾಗೊಮ್ಮೆ ಆಕಿ ಅಡಗಿಮನಿಗೆ ಹೋಗಿ ಮಾರಿ ಮುಚ್ಚಿಕೊಂಡು ನಿಲ್ತಿದ್ಲಂತ. ನಮಾಜಿಗೆ ಕುಂತ್ರ ನನ್ನ ತಂಗಿ ಹೆಸರಿಲೆ ಏನು ಬರೀಬೇಕು ಅನ್ನೂದ ತೆಲ್ಯಾಗ ಬರ್ತಿತ್ತಂತ. ಸತ್ತಾಕಿ ಬಾಯಿ ನಾ ಕಸಗೊಂಡೇನಿ ಅನ್ನಿಸ್ತಿತ್ತಂತ. ಯಾಕ ಒಪ್ಪಿಕೊಂಡಿ ಅಂದ್ರ ಅಂದ್ಲು, "ಹೇಳಿದ್ರ ಆಯಿ ಎದಿ ಒಡೀತೈತಿ, ಡಾಕ್ಟರ್ ಹೇಳ್ಯಾರ ಅಂದ್ರು. ಹೇಳಿ ನಿಮಗೇನರೆ ಆದ್ರ ನಾ ಕೊಂದಂಗ. ಹೇಳದಿದ್ರ ದಿನಾ ನಿಮಗ ಮೋಸ. ಯಾವುದು ಮಾಡ್ತಿ ಅಂತ ನನ್ನ ಯಾರು ಕೇಳ್ಯಾರ್ರಿ? ಅವರು ಖೋಲಿ ಬಾಗಲ ಹಾಕ್ಕೊಂಡು ಅಳ್ತಾರ. ನಾ ಅದ ಮಾರಿ ತಗೊಂಡು ನಿಮಗ ಜಳಕ ಮಾಡಸಬೇಕು."

ಮಧ್ಯಾಹ್ನ ಮಗ ಉಣ್ಣಾಕ ಬಂದ. ಸೊಸಿನ್ನೂ ಸಾಲಿಂದ ಕರಿಸಿದ್ನಿ. ಇಬ್ಬರನ್ನೂ ನನ್ನ ಹಾಸಿಗಿ ಮ್ಯಾಲೆ ಕೂಡ್ರಿಸಿದ್ನಿ. ಮಗ ತೆಲಿ ಬಗ್ಗಿಸಿ, "ನೀ ಉಳೀಬೇಕಾಗಿತ್ತಬೇ ನಮಗ" ಅಂದ. ದೊಡ್ಡ ಗಂಡಸು, ಮೀಸಿ ಬೆಳ್ಳಗಾಗ್ಯಾವ, ಕಣ್ಣಾಗ ನೀರು. ಸೊಸಿ ಅಂದ್ಲು, "ಸೀರಿ ನಿಮ್ಮ ಕೈಲೆ ಹೋಗಲಿ ಅಂತ ಮಾಡಿದ್ನಿ ಅತ್ತಿ. ನೀವು ಆ ಉಪ್ಪಿನ ಮಾತು ಅಂದ ಮ್ಯಾಲೆ ನಾ ಇನ್ನೂ ಸರಿಯಾಗಿ ನಿದ್ದಿ ಮಾಡಿಲ್ಲ."

ಅವರನ್ನ ಭಾಳ ಬೈಯಬೇಕು ಅಂತ ಮಾಡಿದ್ನಿ, ಬೈಲಿಲ್ಲ. ನಾ ಇಷ್ಟ ಅಂದ್ನಿ, "ನನಗ ಮುಚ್ಚಿಟ್ರಿ, ಆತು, ನಿಮ್ಮ ಅವ್ವ ಅಂತ ಮುಚ್ಚಿಟ್ರಿ. ಆದ್ರ ಈಕಿ ಬಾಯಿಗೆ ಯಾಕ ಹಚ್ಚಿದ್ರಿ? ಈಕಿ ನನ್ನ ನೋಡಿಕೊಳ್ಳಾಕ ಬಂದಾಕಿ. ಸುಳ್ಳ ಹೇಳಬೇಕಾಗಿತ್ತಂದ್ರ ನೀವು ಇಲ್ಲೆ ಕುಂತು, ನನ್ನ ಕಣ್ಣ ನೋಡಿ ಹೇಳಬೇಕಾಗಿತ್ತು." ಮಗ ಎದ್ದು ಅಡಗಿಮನಿ ಬಾಗಲಕ್ಕ ಹೋಗಿ ನಿಂತ. "ತಪ್ಪಾತವ್ವಾ" ಅಂದ. ಒಳಗ ಲಕ್ಷ್ಮೇಶ್ವರದಾಕಿ ಭಾಂಡಿ ತಿಕ್ಕೂದು ನಿಲ್ಲಿಸಿದ್ಲು.

ಕೆಲಸ ಬಿಡೂ ಮಾತು ಆಕಿ ಹಿಂದಕ್ಕ ತಗೋಲಿಲ್ಲ. "ನಿಮ್ಮ ಮನ್ಯಾಗ ಸರಿ ಆದೀತ್ರಿ, ಮುಂದಿನ ಮನ್ಯಾಗ?" ಅಂದ್ಲು.

"ಎಲ್ಲಾ ಮನ್ಯಾಗೂ ಹಿಂಗನ ಇರ್ತೈತೇನು?"

"ಒಂದೊಂದು ಮನ್ಯಾಗ ಒಂದೊಂದು ಇರ್ತಾವ್ರಿ."

ಸುಮ್ನ ಅಂತಾಳ ಅನಕೊಂಡ್ನಿ. ಮರುದಿನ ತನ್ನ ಗೆಳತಿ ಒಬ್ಬಾಕಿನ್ನ ಕರಕೊಂಡು ಬಂದ್ಲು. ಶಿರಹಟ್ಟಿಯಾಕಿ. ನಮ್ಮ ಹಿಂದಿನ ಓಣ್ಯಾಗ ಹಾಸಿಗಿ ಹಿಡಿದ ಒಬ್ಬ ಅಜ್ಜನ್ನ ನೋಡಿಕೊಳ್ತಾಳ. ಮಧ್ಯಾಹ್ನ ಊಟ ಆದ ಮ್ಯಾಲೆ ಅಜ್ಜಗ ನೀರು ಕೊಡಬಾರದಂತ. ಕೊಟ್ರ ಹಾಸಿಗಿ ಒದ್ದಿ ಆಗ್ತೈತಿ ಅಂತ ಮನ್ಯಾಗ ಹೇಳಿಟ್ಟಾರಂತ. "ಅಜ್ಜ ಯವ್ವಾ ನೀರು, ಯವ್ವಾ ನೀರು ಅಂತೈತ್ರಿ. ನಾ ಸೆರಗಿನ ತುದಿ ತೊಯ್ಸಿ ತುಟಿಗೆ ಹಚ್ತೀನ್ರಿ. ಯಾರರೆ ನೋಡ್ತಾರೇನೋ ಅಂತ ಕಳ್ಳಿ ಹಂಗ ಬಾಗಲ ನೋಡಕೋತ" ಅಂದ್ಲು. ಹೇಳಿ ನಮ್ಮ ಮನಿ ತಂಬಗಿ ಎತ್ತಿ ತಾ ಗಟಗಟ ನೀರು ಕುಡದ್ಲು. ಆ ಅಜ್ಜ ನನಗ ಗೊತ್ತು. ಗರಡಿಮನ್ಯಾಗ ಕುಸ್ತಿ ಕಲಿಸ್ತಿದ್ದಾಂವ. ಅವನ ಮನ್ಯಾವರೂ ಗೊತ್ತು, ಬಾಯಿ ತುಂಬಾ ಮಾತಾಡಸೂ ಮಂದಿ. ನಾ ಬಾಯಿ ತೆರದು ಕುಂತ್ನಿ.

ಸಾಲಿಂದ ಬಂದಿದ್ದ ಸೊಸಿ ಅಡಗಿಮನ್ಯಾಗಿಂದ ಕೇಳಿಸಿಕೊಂಡಿದ್ಲು. ಆ ಮನಿ ಹುಡುಗ್ರು ಆಕಿ ಸಾಲಿಗೇ ಬರ್ತಾವ. ಚಪ್ಪಲಿ ಮೆಟ್ಟಿ ಆ ಮನಿಗೆ ಹೋದ್ಲು. ಅಲ್ಲೇನು ಹೇಳಿದ್ಲೋ ನನಗ ಹೇಳಿಲ್ಲ. ನರ್ಸಬಾಯಿನ್ನ ಕರಕೊಂಡ ಹೋಗಿದ್ಲು, ಬಾಯಿ ಒಣಗಿಸಿದ್ರ ಅಜ್ಜನ ಜೀವಕ್ಕ ಬರ್ತೈತಿ ಅಂತ ಆಕಿ ಕಡಿಂದ ಹೇಳಿಸಿದ್ಲು ಅಂತ ಶಿರಹಟ್ಟಿಯಾಕಿನ ಆಮ್ಯಾಲೆ ಹೇಳಿದ್ಲು. ಈಗ ಅಜ್ಜನ ತೆಲಿ ಕಡೆ ತುಂಬಿದ ತಂಬಗಿ ಇರ್ತೈತಂತ, ತೆಳಗ ಮೇಣಗಪ್ಪಡ ಹಾಸ್ಯಾರಂತ. ಇಷ್ಟ ಆಗಬೇಕಾಗಿದ್ದು.

ಅವತ್ತಿಂದ ಮಧ್ಯಾಹ್ನ ಬಿಡುವಾದಾಗ ಅಂಥಾ ಹೆಣ್ಮಕ್ಕಳು ನನ್ನ ಹಾಸಿಗಿ ಕಡೆ ಬಂದು ಕುಂಡ್ರಾಕ ಹತ್ಯಾರ. ನಾ ಏನೂ ಬಗಿಹರಸಂಗಿಲ್ಲ. ಚಾ ಮಾಡಿಸ್ತೀನಿ, ಕೇಳ್ತೀನಿ, ಹೌಹಾರ್ತೀನಿ. "ನಮಗ ರೂಢಿ ಆಗಿಬಿಟ್ಟಿತ್ರಿ ಆಯಿ. ನೀವು ಬಾಯಿ ತೆರದು ಕುಂತದ್ದು ನೋಡಿದ್ರ, ಹೌದು, ಇದು ಕೆಟ್ಟದ್ದ ಐತಿ ಅಂತ ಧೈರ್ಯ ಬರ್ತೈತಿ" ಅಂದ್ಲು ಶಿರಹಟ್ಟಿಯಾಕಿ. ಮುಪ್ಪಿನ್ಯಾಗ ನನ್ನ ತೆರದ ಬಾಯಿ ಇಷ್ಟರೆ ಉಪಯೋಗಕ್ಕ ಬಂತು.

ಅಮಾಸಿ ಹತ್ರ ಬಂತು. ಇನ್ನ ಕಾರಿನ್ಯಾಗ ಕುಂಡ್ರಬಹುದು ಅಂತ ಡಾಕ್ಟರ್ ಅಂದ. ಕೊರ್ಲಹಳ್ಳಿಗೆ ಹೋಗಬೇಕು ಅಂದ್ನಿ. ಅಲ್ಲಿ ತಂಗಿ ಹೆಸರಿಲೆ ಎಡಿ ಮಾಡೂ ದಿನ ಇತ್ತು. ಮಗ ಕಾರ್ ಹೊಡೆದ, ಸೊಸಿ ಮುಂದ, ಹಿಂದ ನಾನು, ನನ್ನ ಹಿಡಕೊಳ್ಳಾಕ ಲಕ್ಷ್ಮೇಶ್ವರದಾಕಿ. ತಂಗಿ ಫೋನ್ ಆಕಿ ತನ್ನ ಕೈಯಾರ ತಂಗಿ ಸೊಸಿ ಕೈಯಾಗ ಕೊಟ್ಲು. ಕೊಟ್ಟು ಕೈ ತೊಳಕೊಂಡ್ಲು.

ಹೊಲದ ಬದುವಿಗೆ ತಂಗಿನ್ನ ಇಟ್ಟಿದ್ರು. ಮಣ್ಣ ಇನ್ನೂ ಹಸೇದ ಇತ್ತು. ಅಲ್ಲೆ ನಿಂತಾಗ ನನಗ ಅಳು ಬಂತು, ಅಲ್ಲೀತನಾ ಎಲ್ಲಿತ್ತೋ. ಲಕ್ಷ್ಮೇಶ್ವರದಾಕಿ ನನ್ನ ಟೊಂಕ ಗಟ್ಟಿ ಹಿಡಕೊಂಡು ನಿಂತಿದ್ಲು. "ಎಷ್ಟ ಬೇಕಾದಷ್ಟು ಅಳ್ರಿ ಆಯಿ, ನಾ ಬಿಡಂಗಿಲ್ಲ" ಅಂದ್ಲು. ಅಳು ಮುಗಿದ ಮ್ಯಾಲೆ ಆಕಿ ಮಣ್ಣಿಗೆ ಬಗ್ಗಿ, ಬಾಯಾಗ ಏನೋ ದುವಾ ಅಂದ್ಲು. ಭಾಳ ಹೊತ್ತು ಅಂದ್ಲು. ಆಕಿಗೂ ಅಲ್ಲೆ ಮಾತಾಡೂದಿತ್ತು.

ತಂಗಿ ಮನ್ಯಾಗ ಹೋಳಿಗಿ ಮಾಡಿದ್ರು, ಆಕಿಗೆ ಪ್ರೀತಿ ಅಂತ. ನನಗ ಸಕ್ಕರಿ ಬ್ಯಾನಿ ಐತಿ, ಒಂದಕ್ಕಿಂತ ಹೆಚ್ಚಿಗೆ ತಿನ್ನಬ್ಯಾಡ್ರಿ ಅಂತ ನನ್ನ ಸೊಸಿ ಕಣ್ಣಿಲೆ ಹೇಳಿ ಹೊರಗಿನ ಪಂಕ್ತಿಗೆ ಹೋದ್ಲು.

ತಿರುಗಿ ಬರೂ ಮುಂದ, ಮುಂಡರಗಿ ದಾಟಿದ ಮ್ಯಾಲೆ, ನಾ ವಿಷಯ ತಗದ್ನಿ. ಎಲ್ಲರಿಗೂ ಕೇಳಲಿ ಅಂತ ಗಟ್ಟಿಯಾಗೇ ಅಂದ್ನಿ.

"ನೋಡವಾ, ಇನ್ನ ಮ್ಯಾಲೆ ನಮ್ಮ ಮನ್ಯಾಗ ನಿನ್ನ ಕೈಲೆ ಯಾರೂ ಸುಳ್ಳ ಹೇಳಸಂಗಿಲ್ಲ. ಹೇಳಿಸಿದ್ರ ನನ್ನ ಕೇಳು. ಈಗ ಹೇಳು, ಇರ್ತಿಯೋ, ಮೆಣಸಿನಕಾಯಿಗೆ ಹೋಗ್ತಿಯೋ?"

ಆಕಿ ಕಿಡಕ್ಯಾಗಿಂದ ಹೊರಗ ನೋಡಿದ್ಲು. ಆಮ್ಯಾಲೆ ನನ್ನ ಕಡೆ ತಿರುಗಿದ್ಲು.

"ಯಾರೂ ಅಂದ್ರ ಯಾರೂ?"

"ಯಾರೂ."

"ಹಂಗಾರ ಈಗ ತಾಸೊತ್ತಿನ ಹಿಂದ ಮೂರು ಹೋಳಿಗಿ ತಿಂದು, ಸೊಸಿ ಕೇಳಿದ್ರ ಒಂದ ಅನ್ನು ಅಂತ ನನ್ನ ತೊಡಿ ಚಿವುಟಿದವರು ಯಾರ್ರಿ ಆಯಿ? ಮೊದ್ಲ ಅವರನ್ನ ಕೇಳ್ರಿ. ಆಮ್ಯಾಲೆ ನಾಳೆ ಮುಂಜಾನಿ ಜಳಕಕ್ಕ ನೀರು ಕಾಸೂದರಾಗ ನಾ ಬರ್ತೀನಿ."